ಎದ್ದು ನಿಂತ ಲೆಕ್ಕ

ಮೊದಲ ದಿನವೇ ಆ ಫಿಸಿಯೊಥೆರಪಿಸ್ಟ್ ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪನ ಪಾರ್ಕಿನ್ಸನ್ ಮಾತ್ರೆಗಳ ಹೊತ್ತು ನನಗೆ ಬಾಯಿಪಾಠವಾಗಿತ್ತು. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ, ಅರ್ಧ ಗಂಟೆ ತಡವಾದರೆ ಬಲಗೈ ಹೇಗೆ ನಡುಗತೊಡಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಮಲಬದ್ಧತೆ ಎಷ್ಟು ದಿನದಿಂದ ಇದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಆಕೆ ಹಾಳೆಯನ್ನು ಪೂರ್ತಿ ಓದಿ, ಮಡಚಿ ಪಕ್ಕಕ್ಕಿಟ್ಟು, ನನ್ನನ್ನೇ ನೋಡುತ್ತ ಕೇಳಿದರು: "ನಿಮ್ಮ ತಂದೆ ದಿನಕ್ಕೆ ಎಷ್ಟು ಸಲ ಕುರ್ಚಿಯಿಂದ ಏಳುತ್ತಾರೆ?"

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷಗಳಿಂದ ಒಂದೇ ಸೂರಿನಡಿ ಇದ್ದು, ಅವರ ಒಂದೊಂದು ಉಸಿರನ್ನೂ ಗಮನಿಸುತ್ತಿದ್ದೇನೆ ಎಂದು ನಂಬಿದ್ದ ನನಗೆ ಇಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲ. "ನಾಳೆ ಒಂದು ದಿನ ಎಣಿಸಿ ನೋಡಿ" ಎಂದರು. ಮರುದಿನ ಬೆಳಗಿನಿಂದಲೇ ಒಂದು ಪುಸ್ತಕ ಹಿಡಿದು ಗೆರೆ ಎಳೆಯುತ್ತ ಕುಳಿತೆ. ರಾತ್ರಿ ಮಲಗುವ ಹೊತ್ತಿಗೆ ಅದರಲ್ಲಿ 7 ಗೆರೆಗಳಿದ್ದವು. ಆ ಏಳರಲ್ಲಿ ಐದು ಸಲ ಅವರನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ್ದು ನಾನು. ಉಳಿದೆರಡು ಸಲ ಅವರು ತಾವಾಗಿಯೇ ಎದ್ದಿದ್ದರು. ಎರಡು ಸಲವೂ ನಾನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದೆ, ತೆರೆದ ಬಾಗಿಲಿನಿಂದ ಅದನ್ನು ಕಂಡೆ. ಈ ಎರಡು ಗೆರೆಗಳು ನನ್ನನ್ನು ಇವತ್ತಿಗೂ ಕಾಡುತ್ತವೆ. ನಾನು ಎದುರಿಗಿಲ್ಲದಾಗ ಏಳಬಲ್ಲವರು, ನಾನಿದ್ದಾಗ ಏಕೆ ಏಳುತ್ತಿರಲಿಲ್ಲ?

ನೀವು ಕೂತಿರಿ, ನಾನು ತರುತ್ತೇನೆ

ಪಾರ್ಕಿನ್ಸನ್ ಕಾಯಿಲೆ ಇರುವವರ ಮನೆಯಲ್ಲಿ ಬದುಕಿದವರಿಗೆ ಈ ಮಾತು ಹೊಸದಲ್ಲ. ನೀರು ಬೇಕೇ? ನೀವು ಕೂತಿರಿ, ನಾನು ತರುತ್ತೇನೆ. ಕನ್ನಡಕವೇ? ಕೂತಿರಿ. ಕಿಟಕಿ ಮುಚ್ಚಬೇಕೇ? ಕೂತಿರಿ ಅಪ್ಪ, ನಾನಿದ್ದೇನಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆರೇಳು ನಿಮಿಷ ಬೇಕಾಗುತ್ತಿತ್ತು, ನನಗೆ ಅರ್ಧ ನಿಮಿಷ ಸಾಕು. ಹಾಗಾಗಿ ಗುಂಡಿ ಹಾಕುವುದೂ ನನ್ನ ಕೆಲಸವಾಯಿತು. ಅದರಲ್ಲಿ ಪ್ರೀತಿ ಇತ್ತು, ಸುಳ್ಳಲ್ಲ. ಅವಸರವೂ ಇತ್ತು. ಅವರು ಬೆರಳುಗಳೊಡನೆ ಗುದ್ದಾಡುವುದನ್ನು ನೋಡಲಾಗದ ಸಂಕಟವೂ ಇತ್ತು. ಆ ಸಂಕಟ ನನ್ನದು. ಅದನ್ನು ಕಳೆದುಕೊಳ್ಳಲು ನಾನು ಅವರ ಕೈಯಿಂದ ಕೆಲಸ ಕಿತ್ತುಕೊಂಡೆ ಎಂಬುದು ಬಹಳ ತಡವಾಗಿ ಅರಿವಾಯಿತು.

ಆ ದಿನಗಳಲ್ಲಿ ಓದಿದ ಒಂದು ಸಂಗತಿ ನನ್ನ ಯೋಚನೆಯ ದಿಕ್ಕನ್ನೇ ಬದಲಿಸಿತು. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ಮನೋವಿಜ್ಞಾನಿ ಮಂಗಗಳ ಒಂದು ತೋಳಿನ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರಗಳನ್ನು ಕತ್ತರಿಸಿ ನೋಡಿದರು. (ಆ ಪ್ರಯೋಗಗಳ ಬಗ್ಗೆ 1981ರಲ್ಲಿ ಅಲ್ಲಿ ದೊಡ್ಡ ವಿವಾದವೇ ಆಯಿತು. ಆ ಪ್ರಾಣಿಗಳು ಪಟ್ಟ ಪಾಡನ್ನು ಮರೆತು ಅವುಗಳಿಂದ ಸಿಕ್ಕ ತಿಳಿವಳಿಕೆಯ ಬಗ್ಗೆ ಮಾತ್ರ ಬರೆಯಲು ನನ್ನಿಂದಾಗದು.) ತೋಳನ್ನು ಎತ್ತುವ ನರಗಳು ಹಾಗೆಯೇ ಇದ್ದವು. ಆದರೂ ಮಂಗ ಆ ತೋಳನ್ನು ಬಳಸುವುದನ್ನು ಬಿಟ್ಟುಬಿಟ್ಟಿತು. ಮೊದಮೊದಲು ಪ್ರಯತ್ನಿಸಿತು, ಸೋತಿತು, ಒಳ್ಳೆಯ ಕೈಯಿಂದ ಕೆಲಸ ಸಲೀಸಾಗಿ ಆಗುತ್ತಿತ್ತು, ಕೊನೆಗೆ ಪ್ರಯತ್ನವನ್ನೇ ನಿಲ್ಲಿಸಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಮಾತ್ರ, ಬಿಟ್ಟುಬಿಟ್ಟಿದ್ದ ತೋಳು ಮತ್ತೆ ಚಲಿಸತೊಡಗಿತು. ಅಂದರೆ ಮಿದುಳು ಮಾಡುವುದನ್ನು ಕಲಿಯುವಂತೆಯೇ ಮಾಡದಿರುವುದನ್ನೂ ಕಲಿಯುತ್ತದೆ.

ಪಾರ್ಶ್ವವಾಯು ಹೊಡೆದವರ ಚಿಕಿತ್ಸೆ ಇದರಿಂದಲೇ ಒಂದು ಹೊಸ ದಾರಿ ಹಿಡಿಯಿತು. ಚೆನ್ನಾಗಿರುವ ಕೈಗೆ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಎರಡು ವಾರ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳು ಕಳೆದಿದ್ದ, ಕೈಯಲ್ಲಿ ಒಂದಿಷ್ಟು ಚಲನೆ ಉಳಿದಿದ್ದ 222 ಜನ ಭಾಗವಹಿಸಿದ್ದರು. ಹೀಗೆ ದುಡಿದವರ ಕೈ, ಮಾಮೂಲಿ ಆರೈಕೆ ಪಡೆದವರ ಕೈಗಿಂತ ಚೆನ್ನಾಗಿ ಸುಧಾರಿಸಿತು, ವರ್ಷದ ನಂತರವೂ ಆ ಸುಧಾರಣೆ ಉಳಿದಿತ್ತು.

ಪಾರ್ಕಿನ್ಸನ್ ಬೇರೆ, ಪಾರ್ಶ್ವವಾಯು ಬೇರೆ ಎಂಬುದು ನನಗೆ ಗೊತ್ತು. ಪಾರ್ಶ್ವವಾಯು ಒಮ್ಮೆಗೇ ಎರಗುವ ಪೆಟ್ಟು. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪಗೆ ಕಾಣುವ ಒಂದು ಪುಟ್ಟ ಜಾಗದ ನರಕೋಶಗಳು ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತ ಹೋಗುತ್ತವೆ, ಅವು ತಯಾರಿಸುವ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಕೈ ನಡುಗಲು ಶುರುವಾಗುವ ಹೊತ್ತಿಗೇ ಅವುಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಆದರೂ ಟೌಬ್ ಅವರ ಮಂಗದ ಬಗ್ಗೆ ಓದಿದ ರಾತ್ರಿ ನನ್ನ ಪುಸ್ತಕದ 7 ಗೆರೆಗಳು ಬೇರೆಯಾಗಿಯೇ ಕಂಡವು. ಅಪ್ಪನ ಮನೆಯಲ್ಲಿ ಒಂದು 'ಒಳ್ಳೆಯ ಕೈ' ಇತ್ತು. ಅದು ನಾನೇ. ನಾನು ಪಕ್ಕದ ಕೋಣೆಗೆ ಹೋದಾಗ ಆ ಕೈ ಕಟ್ಟಿಹಾಕಿದಂತಾಗುತ್ತಿತ್ತು, ಅವರು ಏಳುತ್ತಿದ್ದರು.

ಹೊಸ್ತಿಲು ಮತ್ತು ಮೆಟ್ಟಿಲು

ಅಪ್ಪನಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಮಲಗುವ ಕೋಣೆಯ ಬಾಗಿಲು. ಅಲ್ಲಿಯವರೆಗೆ ನಡೆದು ಬರುತ್ತಿದ್ದವರ ಪಾದಗಳು ಹೊಸ್ತಿಲಿನ ಬಳಿ ನೆಲಕ್ಕೆ ಅಂಟಿಬಿಡುತ್ತಿದ್ದವು. ಮೇಲಿನ ದೇಹ ಮುಂದಕ್ಕೆ ಬಾಗುತ್ತಿತ್ತು, ಮಂಡಿಗಳು ಅದುರುತ್ತಿದ್ದವು, ಪಾದ ಮಾತ್ರ ಕದಲುತ್ತಿರಲಿಲ್ಲ. "ನಡೀರಿ ಅಪ್ಪ, ಏನೂ ಇಲ್ಲ ಅಲ್ಲಿ" ಎಂದು ನಾನು ಹೇಳುತ್ತಿದ್ದೆ, ಕೈ ಹಿಡಿದು ಎಳೆಯುತ್ತಿದ್ದೆ. ಎಳೆದಷ್ಟೂ ಬಿಗಿಯಾಗುತ್ತಿತ್ತು. ಒಮ್ಮೆ ಅವರು ಮೆಲ್ಲಗೆ, "ಕಾಲಿಗೆ ಹೇಳುತ್ತಿದ್ದೇನೆ, ಅದಕ್ಕೆ ಕೇಳಿಸುತ್ತಿಲ್ಲ" ಎಂದರು. ಕಾಯಿಲೆಯನ್ನು ಇದಕ್ಕಿಂತ ಸರಿಯಾಗಿ ವಿವರಿಸಿದ ವಾಕ್ಯವನ್ನು ನಾನು ಯಾವ ವೈದ್ಯಕೀಯ ಪುಸ್ತಕದಲ್ಲಿಯೂ ಓದಿಲ್ಲ.

ಫಿಸಿಯೊಥೆರಪಿಸ್ಟ್ ಮನೆಗೆ ಬಂದ ದಿನ ಅದೇ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟರು. ಆಕೆ ಎಳೆಯಲಿಲ್ಲ, ಮಾತನ್ನೂ ಆಡಲಿಲ್ಲ. ಸುಮ್ಮನೆ ತಮ್ಮ ಒಂದು ಪಾದವನ್ನು ಅಪ್ಪನ ಪಾದದ ಮುಂದೆ ಅಡ್ಡಲಾಗಿ ಇಟ್ಟು, "ಇದನ್ನು ದಾಟಿ" ಎಂದರು. ಅಪ್ಪ ಕಾಲೆತ್ತಿ ದಾಟಿದರು. ಅಷ್ಟೇ. ಮುಂದಿನ ಹೆಜ್ಜೆ, ಅದರ ಮುಂದಿನದು, ಮಂಚದವರೆಗೂ ನಡೆದು ಹೋದರು. ನನಗೆ ಕಣ್ಣಲ್ಲಿ ನೀರು ಬಂತು. ಅಪ್ಪನ ಮುಖದಲ್ಲಿ ಮಾತ್ರ ಅಚ್ಚರಿ ಇರಲಿಲ್ಲ. ಈ ಕಾಯಿಲೆ ಮುಖದ ಭಾವನೆಗಳನ್ನೂ ಕಟ್ಟಿಹಾಕುತ್ತದೆ. ಅವರು ಹಿಂದಿರುಗಿ ನೋಡಿ, "ಇನ್ನೊಂದು ಸಲ" ಎಂದದ್ದರಿಂದ ಮಾತ್ರ ಅವರಿಗೆ ಹೇಗನ್ನಿಸಿತೆಂದು ತಿಳಿಯಿತು.

ಆ ಸಂಜೆ ನೆಲದ ಮೇಲೆ ಬಣ್ಣದ ಟೇಪಿನ ಪಟ್ಟಿಗಳನ್ನು ಹೆಜ್ಜೆಗೊಂದರಂತೆ ಅಂಟಿಸಿದೆವು. ಅದಾಗಿ ಒಂದು ವಾರದ ಮೇಲೆ ನಾನು ಹೊರಗಿನಿಂದ ಬಂದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ. ಕೋಣೆ, ಬಚ್ಚಲು, ಎಲ್ಲಿಯೂ ಇಲ್ಲ. ನೋಡಿದರೆ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲುಗಳ ನಡುವೆ, ಕಂಬಿ ಹಿಡಿದುಕೊಂಡು, ಒಂದೊಂದೇ ಕಾಲನ್ನು ನೀಟಾಗಿ ಎತ್ತಿ ಇಡುತ್ತ ಹತ್ತುತ್ತಿದ್ದರು. ಸಮತಟ್ಟಾದ ನೆಲದಲ್ಲಿ ಹೆಜ್ಜೆ ಕೀಳಲಾರದ ಮನುಷ್ಯ! ಕೂಗಲು ಬಾಯಿ ತೆರೆದವನು ಹಾಗೆಯೇ ನಿಂತೆ. ಕೂಗಿದರೆ ತಿರುಗಿ ನೋಡಿ ಬೀಳುತ್ತಾರೆ. ಮೆಲ್ಲಗೆ ಹೋಗಿ ಎರಡು ಮೆಟ್ಟಿಲು ಕೆಳಗೆ ನಿಂತುಕೊಂಡೆ. ಅವರು ತುದಿಯವರೆಗೂ ಹತ್ತಿದರು. ಮೇಲೆ ಹೋಗಿ ಸಮತಟ್ಟು ನೆಲ ಸಿಕ್ಕಿದ್ದೇ ತಡ, ಪಾದಗಳು ಮತ್ತೆ ಅಂಟಿಕೊಂಡವು.

ಇದರಲ್ಲಿ ಪವಾಡವೇನೂ ಇಲ್ಲ, ವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತಿರುವ ಸಂಗತಿ ಎಂದು ಆಮೇಲೆ ತಿಳಿಯಿತು. ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ಯೋಚಿಸುವುದಿಲ್ಲ. ಎಂದೋ ಕಲಿತ ನಡಿಗೆಯನ್ನು ಮಿದುಳಿನ ಆಳದಲ್ಲಿರುವ ಕೇಂದ್ರಗಳು ತಾವಾಗಿಯೇ ನಡೆಸುತ್ತವೆ, ಡೋಪಮೈನ್ ಬೇಕಾಗುವುದು ಅವಕ್ಕೆ. ಆ ದಾರಿ ಕೆಟ್ಟಾಗ, ಕಣ್ಣೆದುರಿನ ಗೆರೆ, ಕಿವಿಗೆ ಬೀಳುವ ತಾಳ, ದಾಟಬೇಕಾದ ಒಂದು ಪಾದ, ಇಂಥ ಹೊರಗಿನ ಸೂಚನೆ ಸಿಕ್ಕರೆ ಮಿದುಳು ಮತ್ತೊಂದು ದಾರಿಯಿಂದ ಕಾಲಿಗೆ ಆಜ್ಞೆ ಕಳಿಸುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ಮೆಟ್ಟಿಲುಗಳು ಅಂಥ ಗೆರೆಗಳ ಸಾಲೇ ಅಲ್ಲವೇ? 2010ರಲ್ಲಿ ನೆದರ್‌ಲೆಂಡ್ಸಿನ ನರವೈದ್ಯರಾದ ಆಂಕೆ ಸ್ನೈಡರ್ಸ್ ಮತ್ತು ಬಾಸ್ ಬ್ಲೂಮ್ 58 ವರ್ಷದ ಒಬ್ಬರ ವಿಷಯವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿಡಿಯೊ ಸಹಿತ ಪ್ರಕಟಿಸಿದರು. ಹತ್ತು ವರ್ಷಗಳಿಂದ ಪಾರ್ಕಿನ್ಸನ್ ಇದ್ದ ಅವರು ಬೇರೆಯವರ ಆಸರೆಯಿಲ್ಲದೆ ನಾಲ್ಕು ಹೆಜ್ಜೆ ನಡೆಯಲಾರರು. ಆದರೆ ಸೈಕಲ್ ಹತ್ತಿಸಿದರೆ ರಸ್ತೆಯಲ್ಲಿ ಸರಾಗವಾಗಿ ತುಳಿದುಕೊಂಡು ಹೋಗಿ, ತಿರುಗಿಸಿಕೊಂಡು ಬರುತ್ತಾರೆ. ಇಳಿದ ಕ್ಷಣವೇ ಕಾಲು ಮತ್ತೆ ನೆಲಕ್ಕೆ ಅಂಟುತ್ತದೆ. ಆ ವಿಡಿಯೊವನ್ನು ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿದರು.

ಅಲ್ಲಿಯವರೆಗೆ ನಾನು ಅಪ್ಪನ ನಡಿಗೆ ಸತ್ತುಹೋಗಿದೆ ಎಂದುಕೊಂಡಿದ್ದೆ. ಅದು ಸತ್ತಿರಲಿಲ್ಲ, ಒಳಗೆಲ್ಲೋ ದಾರಿ ಕಾಯುತ್ತ ಕೂತಿತ್ತು.

ಬೆವರು, ಕೈಬರಹ

ಟೇಪಿನ ಗೆರೆಗಳು ಒಂದು ಉಪಾಯ. ಅದನ್ನು ಬಿಟ್ಟು, ಏದುಸಿರು ಬರುವಂತೆ ದೇಹ ದಣಿಸುವ ವ್ಯಾಯಾಮ ಮಿದುಳಿಗೆ ಏನು ಮಾಡುತ್ತದೆ ಎಂಬುದು ಬೇರೆಯದೇ ವಿಷಯ. ಇಲ್ಲಿ ನನಗೆ ಬಲು ಪ್ರಿಯವಾದದ್ದು ಒಂದು ಜೋಡಿ ಸೈಕಲ್ಲಿನ ಕಥೆ. 2003ರಲ್ಲಿ ಅಮೆರಿಕದ ಸಂಶೋಧಕ ಜೇ ಆಲ್ಬರ್ಟ್ಸ್ ಇಬ್ಬರು ಕೂತು ತುಳಿಯುವ ಸೈಕಲ್ಲಿನಲ್ಲಿ, ಪಾರ್ಕಿನ್ಸನ್ ಇದ್ದ ಗೆಳತಿಯೊಬ್ಬರನ್ನು ಹಿಂದೆ ಕೂರಿಸಿಕೊಂಡು ಅಯೋವಾ ರಾಜ್ಯವನ್ನು ಅಡ್ಡಲಾಗಿ ದಾಟುವ ಯಾತ್ರೆಗೆ ಹೊರಟರು. ಆಕೆ ತಾವಾಗಿ ತುಳಿಯಬಹುದಾದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪೆಡಲ್ ತಿರುಗುತ್ತಿತ್ತು. ಯಾತ್ರೆಯ ನಡುವೆ ಆಲ್ಬರ್ಟ್ಸ್ ಗಮನಿಸಿದ್ದು ಆಕೆಯ ಕಾಲುಗಳನ್ನಲ್ಲ, ಕೈಬರಹವನ್ನು. ಪಾರ್ಕಿನ್ಸನ್ ಬಂದವರ ಅಕ್ಷರಗಳು ಬರೆಯುತ್ತ ಬರೆಯುತ್ತ ಇರುವೆ ಸಾಲಿನಷ್ಟು ಚಿಕ್ಕದಾಗುತ್ತವೆ. ಆಕೆಯ ಬರಹ ದೊಡ್ಡದಾಗಿ, ಓದುವಂತಾಗಿತ್ತು. ಕಾಲು ತುಳಿದರೆ ಕೈ ಸುಧಾರಿಸುವುದು ಹೇಗೆ? ಕಾಲಿನ ಸ್ನಾಯುಗಳು ಬಲಗೊಂಡದ್ದರಿಂದ ಅಂತೂ ಅಲ್ಲ. ಏನಾದರೂ ಬದಲಾಗಿದ್ದರೆ ಅದು ಮೇಲೆ, ಮಿದುಳಿನಲ್ಲಿ ಆಗಿರಬೇಕು.

2009ರಲ್ಲಿ ಅವರು 10 ರೋಗಿಗಳ ಮೇಲೆ ಎಂಟು ವಾರದ ಅಧ್ಯಯನ ಪ್ರಕಟಿಸಿದರು. ಜೋಡಿ ಸೈಕಲ್ಲಿನಲ್ಲಿ ಬಲವಂತದ ವೇಗಕ್ಕೆ ತುಳಿದವರ ಚಲನೆಯನ್ನು ಪರೀಕ್ಷಿಸಿ ಕೊಡುವ ಅಂಕಗಳು (ಹೆಚ್ಚಿದಷ್ಟೂ ಕಾಯಿಲೆ ಜೋರು) ಸುಮಾರು 35 ಶೇಕಡಾ ಸುಧಾರಿಸಿದ್ದವು, ತಮ್ಮ ಪಾಡಿಗೆ ತುಳಿದವರದು ಸುಧಾರಿಸಿರಲಿಲ್ಲ. ಹತ್ತೇ ಜನರ ಅಧ್ಯಯನದ ಮೇಲೆ ಹೆಚ್ಚು ಭಾರ ಹೊರಿಸಬಾರದು. ಆದರೆ ಆಮೇಲೆ ಬಂದ ಪರೀಕ್ಷೆಗಳು ದೊಡ್ಡವು. 2018ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಇನ್ನೂ ಔಷಧ ಶುರುಮಾಡಿರದ 128 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಟ್ರೆಡ್‌ಮಿಲ್ ಮೇಲೆ ಎದೆಬಡಿತ ತನ್ನ ಗರಿಷ್ಠದ 80ರಿಂದ 85 ಶೇಕಡಾ ಮುಟ್ಟುವಂತೆ ನಡೆಯಬೇಕು, ಇನ್ನೊಂದು 60ರಿಂದ 65 ಶೇಕಡಾ, ಮೂರನೆಯದು ಎಂದಿನಂತೆ ಇರಬೇಕು. ಆರು ತಿಂಗಳಲ್ಲಿ ಮೂರನೆಯ ಗುಂಪಿನ ಕಾಯಿಲೆಯ ಅಂಕ ಮೂರು ಚಿಲ್ಲರೆ ಕೆಟ್ಟಿತು. ಮೊದಲ ಗುಂಪಿನದು ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಮರುವರ್ಷ ನೆದರ್‌ಲೆಂಡ್ಸಿನಲ್ಲಿ 130 ಜನರ ಪರೀಕ್ಷೆ. ಅಲ್ಲಿ ಒಂದು ಗುಂಪಿನವರು ತಮ್ಮ ತಮ್ಮ ಮನೆಯಲ್ಲೇ ನಿಂತ ಸೈಕಲ್ (ಮುಂದೆ ಸಾಗದ, ವ್ಯಾಯಾಮದ ಸೈಕಲ್) ತುಳಿದರು, ಇನ್ನೊಂದು ಗುಂಪಿನವರು ಮೈ ಸಡಿಲಿಸುವ ಕಸರತ್ತುಗಳನ್ನಷ್ಟೇ ಮಾಡಿದರು. ಆರು ತಿಂಗಳ ಬಳಿಕ ಇಬ್ಬರ ನಡುವೆ 4.2 ಅಂಕಗಳ ಅಂತರವಿತ್ತು, ಸೈಕಲ್ ತುಳಿದವರ ಪರವಾಗಿ.

ಇದೆಲ್ಲ ಮಿದುಳಿನ ಒಳಗೆ ಹೇಗೆ ನಡೆಯುತ್ತದೆ? ಪೂರ್ತಿ ಚಿತ್ರ ಯಾರ ಬಳಿಯೂ ಇಲ್ಲ, ಆದರೆ ಕೆಲವು ತುಣುಕುಗಳು ಸಿಕ್ಕಿವೆ. ದೇಹದ ತೂಕದಲ್ಲಿ ಸುಮಾರು 2 ಶೇಕಡಾ ಇರುವ ಮಿದುಳು, ಸುಮ್ಮನೆ ಕೂತಿರುವಾಗಲೂ ದೇಹದ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ತಿನ್ನುತ್ತದೆ. ಅದಕ್ಕೆ ರಕ್ತ ಒದಗಿಸುವ ನಾಳಗಳು ಚೆನ್ನಾಗಿರುವುದೇ ದೊಡ್ಡ ಲಾಭ. ಅದರ ಮೇಲೆ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಇದೆ. 1982ರಲ್ಲಿ ಈವ್-ಆಲ್ಯಾಂ ಬಾರ್ಡ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ಇದನ್ನು ಮೊದಲು ಬೇರ್ಪಡಿಸಿದರು. ನರಕೋಶಗಳು ಬದುಕಿ ಉಳಿಯಲು, ಒಂದಕ್ಕೊಂದು ಹೊಸ ಕೊಂಡಿ ಹಾಕಿಕೊಳ್ಳಲು ಅದು ಬೇಕು. ವ್ಯಾಯಾಮ ಮಾಡಿದಾಗ ಅದು ಹೆಚ್ಚುತ್ತದೆ. 1999ರಲ್ಲಿ ಹೆನ್ರಿಯೆಟ್ ವ್ಯಾನ್ ಪ್ರಾಗ್, ಗೆರ್ಡ್ ಕೆಂಪರ್ಮನ್, ಫ್ರೆಡ್ ಗೇಜ್ ಅವರು, ಚಕ್ರದ ಮೇಲೆ ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪುಗಳನ್ನು ಕೂಡಿಡುವ ಭಾಗದಲ್ಲಿ, ಹೆಚ್ಚು ಹೊಸ ನರಕೋಶಗಳು ಹುಟ್ಟುವುದನ್ನು ಕಂಡರು. ವಯಸ್ಸಾದ ಮನುಷ್ಯರಲ್ಲಿ ಹಾಗೆ ಹುಟ್ಟುತ್ತವೆಯೇ ಎಂಬುದರ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. 2011ರಲ್ಲಿ ಪ್ರಕಟವಾದ, 120 ಹಿರಿಯರ ಮೇಲೆ ನಡೆದ ಒಂದು ವರ್ಷದ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ, 40 ನಿಮಿಷದಷ್ಟು ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು 2 ಶೇಕಡಾ ಹಿಗ್ಗಿತ್ತು, ಮೈ ಸಡಿಲಿಸುವ ಕಸರತ್ತನ್ನಷ್ಟೇ ಮಾಡಿದವರದು 1.4 ಶೇಕಡಾ ಕುಗ್ಗಿತ್ತು. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟ ಫಲ ಸಿಕ್ಕಿಲ್ಲ. ಆದರೂ ಈ ಅಂಕಿಗಳನ್ನು ನೋಡಿದಾಗ ನನ್ನ ಮನಸ್ಸು ಮತ್ತೆ ಮತ್ತೆ ಕುರ್ಚಿಯ ಕಡೆಗೇ ಹೋಗುತ್ತದೆ. ಹಿಗ್ಗಿದ್ದಕ್ಕಿಂತ ಆ ಕುಗ್ಗಿದ್ದು ನನ್ನನ್ನು ಹೆಚ್ಚು ತಟ್ಟಿತು.

ಅಪ್ಪನಿಗೆ ಟ್ರೆಡ್‌ಮಿಲ್ ಹೊಂದಲಿಲ್ಲ, ಪಟ್ಟಿ ಕಾಲ ಕೆಳಗೆ ಸರಿಯುವುದೇ ಅವರಿಗೆ ಭಯ. ನಿಂತ ಸೈಕಲ್ ತಂದೆವು. ಮೊದಲ ದಿನ ನಾಲ್ಕು ನಿಮಿಷ. ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಯ ನಂತರ, ಕೈಕಾಲು ಹಗುರವಾಗಿರುವ ಹೊತ್ತಿನಲ್ಲಿ ಮಾತ್ರ ತುಳಿಸಬೇಕು ಎಂದು ಫಿಸಿಯೊಥೆರಪಿಸ್ಟ್ ಹೇಳಿದ್ದರು. ಎರಡು ತಿಂಗಳಲ್ಲಿ ಇಪ್ಪತ್ತು ನಿಮಿಷಕ್ಕೆ ಬಂದರು. ಬೆವರು ಕುತ್ತಿಗೆಯಿಂದ ಇಳಿಯುವಾಗ ಒರೆಸಲು ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಬಿಡು, ನಾನೇ ಒರೆಸಿಕೊಳ್ಳುತ್ತೇನೆ" ಎನ್ನುತ್ತಿದ್ದರು. ಹಲವು ವರ್ಷಗಳ ನಂತರ ಅವರ ದನಿಯಲ್ಲಿ ಗದರಿಕೆ ಕೇಳಿಸಿತು. ಚಿಕ್ಕಂದಿನಲ್ಲಿ ಹೆದರುತ್ತಿದ್ದ ಆ ದನಿಯನ್ನು ಮತ್ತೆ ಕೇಳಿ ನನಗಾದ ಸಂತೋಷವನ್ನು ಅವರಿಗೆ ಹೇಳಲಿಲ್ಲ.

ವ್ಯಾಯಾಮಕ್ಕೆ ಆಗದ್ದು

ಹೀಗೆ ಬರೆಯುವಾಗ ನನಗೊಂದು ಅಳುಕಿದೆ. ಹಾಸಿಗೆ ಹಿಡಿದವರ ಮನೆಯವರು ಇದನ್ನು ಓದಿ, ನಾವು ಓಡಾಡಿಸದಿದ್ದುದರಿಂದಲೇ ಹೀಗಾಯಿತು ಎಂದು ನೊಂದುಕೊಳ್ಳಬಾರದು. ಕಾಯಿಲೆ ಕಾಯಿಲೆಯೇ. ಸೈಕಲ್ ತುಳಿದು ಸತ್ತ ನರಕೋಶಗಳನ್ನು ಬದುಕಿಸಿದವರು ಯಾರೂ ಇಲ್ಲ. ಆರು ತಿಂಗಳು ಅಂಕ ಕೆಡದೆ ನಿಂತಿತು ಎಂದರೆ, ಒಳಗೆ ಕೋಶಗಳ ಸಾವು ನಿಂತಿತು ಎಂದು ಅರ್ಥವಲ್ಲ. ಅಪ್ಪನ ಮಾತ್ರೆಯ ಪ್ರಮಾಣ ಈ ಎರಡು ವರ್ಷಗಳಲ್ಲಿ ಹೆಚ್ಚಿದೆಯೇ ಹೊರತು ತಗ್ಗಿಲ್ಲ.

ಮರೆಗುಳಿತನದ (ಡಿಮೆನ್ಷಿಯಾ) ವಿಷಯದಲ್ಲಂತೂ ಎಚ್ಚರ ಬೇಕು. ಮೈ ಚಟುವಟಿಕೆಯಿಲ್ಲದಿರುವುದು ಮುಂದೆ ಮರೆಗುಳಿತನ ಬರುವ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ತಜ್ಞರ ಸಮಿತಿಗಳು ಪಟ್ಟಿ ಮಾಡಿವೆ. ಆದರೆ ಬಂದ ಮೇಲೆ? ಇಂಗ್ಲೆಂಡಿನಲ್ಲಿ 494 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮರೆಗುಳಿತನ ಇದ್ದವರಿಗೆ ನಾಲ್ಕು ತಿಂಗಳು ಚೆನ್ನಾಗಿ ವ್ಯಾಯಾಮ ಮಾಡಿಸಿದರು. ಅವರ ದೇಹ ಗಟ್ಟಿಯಾಯಿತು. ನೆನಪಿನ ಶಕ್ತಿ ಕುಸಿಯುವುದು ಮಾತ್ರ ನಿಧಾನವಾಗಲಿಲ್ಲ. ಈ ಫಲಿತಾಂಶವನ್ನು ಓದಿದಾಗ ನಿರಾಸೆಯಾಯಿತು, ಆದರೆ ಅದನ್ನು ಮುಚ್ಚಿಟ್ಟು ವ್ಯಾಯಾಮದ ಗುಣಗಾನ ಮಾಡುವುದು ರೋಗಿಗಳಿಗೆ ಮಾಡುವ ಮೋಸ.

ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಪಾರ್ಶ್ವವಾಯುವಿನ ಇನ್ನೊಂದು ಪರೀಕ್ಷೆ ಮುರಿದಿದೆ. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳು. ಒಂದು ಗುಂಪನ್ನು 24 ಗಂಟೆಯೊಳಗೇ ಹಾಸಿಗೆಯಿಂದ ಎಬ್ಬಿಸಿ, ಹೆಚ್ಚು ಹೆಚ್ಚು ಓಡಾಡಿಸಿದರು. 2015ರಲ್ಲಿ ಫಲಿತಾಂಶ ಬಂದಾಗ, ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡಿದ್ದವರು ಆ ಗುಂಪಿನಲ್ಲಿ 46 ಶೇಕಡಾ, ಮಾಮೂಲಿ ಆರೈಕೆಯ ಗುಂಪಿನಲ್ಲಿ 50 ಶೇಕಡಾ. ಅವಸರ ಮಾಡಿ ಕೆಡಿಸಿದಂತಾಯಿತು. ಅದೇ ಮಾಹಿತಿಯನ್ನು ಇನ್ನಷ್ಟು ಕೆದಕಿ ನೋಡಿದಾಗ ಮತ್ತೊಂದು ವಿಷಯ ಕಂಡಿತು. ಒಂದೇ ಸಲ ದೀರ್ಘಕಾಲ ಎಬ್ಬಿಸಿ ನಿಲ್ಲಿಸುವುದಕ್ಕಿಂತ, ಸ್ವಲ್ಪ ಸ್ವಲ್ಪವೇ ಹೊತ್ತು ಹಲವು ಸಲ ಎಬ್ಬಿಸಿದವರಿಗೆ ಒಳಿತಾಗಿತ್ತು. ನನ್ನ ಗೆರೆಗಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಬೆಂಬಲ ಎಲ್ಲಿ ಸಿಕ್ಕೀತು?

ಇನ್ನು, ವಿಶ್ರಾಂತಿಯ ಹೆಸರಿನಲ್ಲಿ ಇಡೀ ವೈದ್ಯಲೋಕವೇ ತಪ್ಪಿದ ಉದಾಹರಣೆಯೂ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ನರಗಳ ಹೊದಿಕೆ ಹಾಳಾಗುವ ಕಾಯಿಲೆ, ಇದ್ದವರು ದಣಿಯಬಾರದು ಎಂದು ದಶಕಗಳ ಕಾಲ ಹೇಳಲಾಗುತ್ತಿತ್ತು. ವಿಲ್ಹೆಲ್ಮ್ ಊಟ್ಹಾಫ್ ಎಂಬ ಜರ್ಮನ್ ವೈದ್ಯರು 1890ರಲ್ಲೇ, ದೇಹ ದಣಿದಾಗ ಇಂಥ ರೋಗಿಗಳ ದೃಷ್ಟಿ ಮಂಜಾಗುವುದನ್ನು ದಾಖಲಿಸಿದ್ದರು. ಮೈ ಬಿಸಿಯಾದಾಗ ಆಗುವ ಆ ತೊಂದರೆ ಮೈ ತಣ್ಣಗಾದಾಗ ಹೋಗುತ್ತದೆ. ಆದರೂ ಆ ಹೆದರಿಕೆಯಿಂದ ಎಷ್ಟೋ ಜನರನ್ನು ಕೂರಿಸಿಯೇ ಇಟ್ಟರು. 1996ರಲ್ಲಿ ಪ್ರಕಟವಾದ, 54 ರೋಗಿಗಳ ಮೇಲೆ 15 ವಾರ ನಡೆದ ಅಧ್ಯಯನ, ವ್ಯಾಯಾಮದಿಂದ ಅವರ ಕಾಯಿಲೆ ಕೆಡುವುದಿಲ್ಲ, ದೇಹದ ಬಲವೂ ಮನಸ್ಸಿನ ಉತ್ಸಾಹವೂ ಹೆಚ್ಚುತ್ತವೆ ಎಂದು ತೋರಿಸಿದ ಮೇಲೆ ಗಾಳಿ ನಿಧಾನವಾಗಿ ಬದಲಾಯಿತು. ಅಷ್ಟರಲ್ಲಿ ಎಷ್ಟು ಜನ ತಮ್ಮ ಕಾಲುಗಳನ್ನು ಮರೆತಿದ್ದರೋ. ಅವರ ಮನೆಗಳಲ್ಲೂ ಯಾರೋ ಪ್ರೀತಿಯಿಂದ "ನೀವು ಕೂತಿರಿ" ಎಂದಿರಬೇಕು.

ಬಿದ್ದ ದಿನ

ಹೋದ ವರ್ಷ ಒಂದು ಮುಂಜಾನೆ ಅಪ್ಪ ಬಿದ್ದರು. ಹಾಸಿಗೆಯಿಂದ ತಾವೇ ಎದ್ದು ನಿಂತಿದ್ದರು, ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಕೈಕೊಡಬಾರದೆಂದು ಬೇಕೆಂದೇ ದೂರ ನಿಂತಿದ್ದೆ. ಕಣ್ಣು ತೇಲಿದಂತಾಗಿ ಅವರು ಪಕ್ಕಕ್ಕೆ ವಾಲಿದ್ದು ಕಂಡಿತು, ಮೂರು ಹೆಜ್ಜೆ ಓಡುವಷ್ಟರಲ್ಲಿ ಹುಬ್ಬು ಮಂಚದ ಅಂಚಿಗೆ ಬಡಿದಿತ್ತು. ಐದು ಹೊಲಿಗೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಎರಡು ವರ್ಷಗಳಲ್ಲಿ ಓದಿದ್ದೆಲ್ಲ ಸುಳ್ಳೆನಿಸಿತು. ಒಬ್ಬ ಸಂಬಂಧಿಕರು ಫೋನ್ ಮಾಡಿ, "ಈ ವಯಸ್ಸಿನಲ್ಲಿ ಅವರಿಗೆ ಇದೆಲ್ಲ ಬೇಕಿತ್ತೇ?" ಎಂದು ಕೇಳಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಕಾರಣ ಕಾಲಿನಲ್ಲಿರಲಿಲ್ಲ. ಪಾರ್ಕಿನ್ಸನ್ ಇರುವ ಹಲವರಿಗೆ ಎದ್ದು ನಿಂತ ಕೂಡಲೇ ರಕ್ತದೊತ್ತಡ ಧಡಕ್ಕನೆ ಇಳಿಯುತ್ತದೆ. ಕಾಯಿಲೆಯೂ ಅದಕ್ಕೆ ಕಾರಣ, ಮಾತ್ರೆಗಳೂ ಕಾರಣ. ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ರಕ್ತದೊತ್ತಡ ಅಳೆದು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನನ್ನ ಹಾಳೆಯ ಪಟ್ಟಿಯಲ್ಲಿ ಅದು ಇರಲಿಲ್ಲ. ವೈದ್ಯರು ಔಷಧ ಸರಿಮಾಡಿದರು. ಫಿಸಿಯೊಥೆರಪಿಸ್ಟ್ ಏಳುವ ಕ್ರಮವನ್ನೇ ಹೊಸದಾಗಿ ಹೇಳಿಕೊಟ್ಟರು: ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂರುವುದು, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸುವುದು, ಅಂಚಿಗೆ ಸರಿದು ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಮೂಗು ಕಾಲ್ಬೆರಳುಗಳನ್ನು ದಾಟುವಷ್ಟು ಮುಂದೆ ಬಾಗುವುದು, ಆಮೇಲೆ ಏಳುವುದು, ಎದ್ದ ಮೇಲೆ ಮೂರು ಉಸಿರು ನಿಲ್ಲುವುದು. ಅದನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದರೆ ಅಪ್ಪ ಹುಬ್ಬಿನ ಮೇಲೆ ಪಟ್ಟಿ ಕಟ್ಟಿಕೊಂಡೇ ಕೂತು ಕೇಳುತ್ತಿದ್ದರು.

ಮೂರನೆಯ ದಿನ ಅವರು ಏಳಲು ಹೊರಟಾಗ ನನ್ನ ಬಾಯಿಂದ ಬಂದದ್ದು ಹಳೆಯ ವಾಕ್ಯವೇ. "ಕೂತಿರಿ ಅಪ್ಪ, ನಾನು..." ಅವರು ನನ್ನನ್ನು ನೋಡಿದರು. ಮಾತು ಅಲ್ಲಿಗೇ ನಿಂತಿತು. ಈಗ ನಾನು ಅವರ ಪಕ್ಕದಲ್ಲಿ, ಒಂದು ತೋಳಿನಷ್ಟು ದೂರದಲ್ಲಿ ನಿಲ್ಲುತ್ತೇನೆ. ಮುಟ್ಟುವುದಿಲ್ಲ, ದೂರವೂ ಹೋಗುವುದಿಲ್ಲ. ಆ ಒಂದು ತೋಳಿನ ಅಂತರ ಎಷ್ಟಿರಬೇಕು ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಮಾತ್ರೆ ಹಿಡಿಯುವ ಹೊತ್ತಿನಲ್ಲಿ ಒಂದು, ಮಾತ್ರೆಯ ಬಲ ಇಳಿಯುವ ಸಂಜೆಯಲ್ಲಿ ಇನ್ನೊಂದು. ಕೆಲವು ಸಂಜೆ ಕೈಕೊಟ್ಟೇ ಎಬ್ಬಿಸಬೇಕು, ಎಬ್ಬಿಸುತ್ತೇನೆ.

ಗೆರೆಗಳ ಪುಸ್ತಕ ಈಗ ಅಪ್ಪನ ಬಳಿಯೇ ಇದೆ. ಗೆರೆ ಬಿಟ್ಟು ಅಂಕಿ ಬರೆಯಲು ಶುರುಮಾಡಿದ್ದಾರೆ. ದೊಡ್ಡದಾಗಿ ಬರೆಯಬೇಕು, ಇಡೀ ಸಾಲು ತುಂಬಬೇಕು ಎಂದು ಫಿಸಿಯೊಥೆರಪಿಸ್ಟ್ ಹೇಳಿದ್ದಾರೆ. ಅದೂ ಒಂದು ವ್ಯಾಯಾಮವೇ. ರಾತ್ರಿ ಅವರು ಮಲಗಿದ ಮೇಲೆ ತೆರೆದು ನೋಡುತ್ತೇನೆ. ನಿನ್ನೆಯ ದಿನಾಂಕದ ಮುಂದೆ 31 ಎಂದಿದೆ. 3 ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಉದ್ದಕ್ಕೂ ಇದೆ. 1 ಅದರ ಅರ್ಧದಷ್ಟಿದೆ, ಅದರ ಮೇಲೆ ಇನ್ನೊಮ್ಮೆ ಪೆನ್ನು ಎಳೆದು ಉದ್ದ ಮಾಡಲು ನೋಡಿದ ಗುರುತಿದೆ.